ಕರೆಗೆ ಓಗೊಟ್ಟ ಮೇಲೆ

ಪ್ರೆಸ್ಬಿಟರ್, ಅಂದರೆ ಸಭೆಯ ಪಾದ್ರಿ, ಆಗುವ ದೀಕ್ಷೆಯ ಆರಾಧನೆಯಲ್ಲಿ ಬಿಷಪ್ಪನವರು ಅಭ್ಯರ್ಥಿಯನ್ನು ಸಭೆಯ ಎದುರಿಗೆ ನಿಲ್ಲಿಸಿಕೊಂಡು, ಈ ಸೇವೆಗೆ ದೇವರೇ ನಿಮ್ಮನ್ನು ಕರೆದಿದ್ದಾರೆಂದು ನಿಜವಾಗಿ ನಂಬುತ್ತೀರಾ ಎಂದು ಕೇಳುತ್ತಾರೆ. 2019ರಲ್ಲಿ ನಾನು ಆ ಪ್ರಶ್ನೆಗೆ ಉತ್ತರ ಕೊಟ್ಟೆ. ಉತ್ತರ ಒಂದೇ ಮಾತಿನದು, ಆದರೆ ಅದರ ಹಿಂದೆ ಹತ್ತು ವರ್ಷಗಳಿದ್ದವು; ಆ ಹತ್ತರಲ್ಲಿ ಸುಮಾರು ಎರಡೂವರೆ ವರ್ಷದ ಅವಧಿಯಲ್ಲಿ ಯಾರಾದರೂ ಅದೇ ಪ್ರಶ್ನೆಯನ್ನು ಕೇಳಿದ್ದರೆ ನಾನು ತಲೆ ತಗ್ಗಿಸಿಕೊಂಡು ಹೊರಗೆ ನಡೆದುಬಿಡುತ್ತಿದ್ದೆ. ಸೇವೆಗೆ ಹೊರಟಿರುವ ಎಳೆಯರು ಈಗ ಆಗಾಗ ನನ್ನ ಬಳಿಗೆ ಬಂದು, ತಮ್ಮ ಪ್ರಾರ್ಥನೆ ಒಣಗಿಹೋಗಿದೆ, ತಮ್ಮೊಳಗೆ ಯಾರೋ ಎದುರು ನಿಂತು ವಾದಿಸುತ್ತಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಹೇಳುವಾಗ ಅವರ ಮುಖದಲ್ಲಿ ಕಾಣುವ ನಾಚಿಕೆಯನ್ನು ನಾನು ಬಲ್ಲೆ. ಅವರಿಗಾಗಿ ಆ ಎರಡೂವರೆ ವರ್ಷಗಳನ್ನು ಕಂಡಂತೆ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ನಮ್ಮೂರಿನಲ್ಲಿಯೂ ನೆಲೆ ಮಾಡಿದರು. ನಮ್ಮ ಸಭೆಯ ಬೇರು ಅಲ್ಲಿಯದು. ಅಪ್ಪ ಮಗ್ಗದ ಕೆಲಸ ಮಾಡುತ್ತಿದ್ದರು. ಅವ್ವ ಊರಿನವರು ಜರ್ಮನ್ ದವಾಖಾನೆ ಎಂದು ಕರೆಯುವ ಹಳೆಯ ಮಿಶನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ನಾನು ಡಿಗ್ರಿ ಮುಗಿಸಿ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದೆ.

2009ರ ಶುಭ ಶುಕ್ರವಾರದ ಮೂರು ಗಂಟೆಗಳ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಮಂದಿಗೆ ಹಂಚಿದಾಗ ಐದನೆಯ ಮಾತು ನನ್ನ ಪಾಲಿಗೆ ಬಂತು. ನೀರಡಿಕೆಯ ಮಾತು ಅದು. ನಾಲ್ಕು ಹಾಳೆ ಬರೆದುಕೊಂಡು ಹೋಗಿದ್ದೆ, ಎರಡನ್ನೂ ಓದಿ ಮುಗಿಸಲಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ತಗಡಿನ ಮಾಡು, ಉಪವಾಸವಿದ್ದ ಜನ, ಎದುರಿಗೆ ಒಣಗಿದ ತುಟಿಗಳು. ಬರೆದದ್ದನ್ನು ಬಿಟ್ಟು, ಬಾವಿಯ ಬಳಿ ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದವನೇ ಇಲ್ಲಿ ಮತ್ತೆ ನೀರು ಕೇಳುತ್ತಿದ್ದಾನೆ ಎಂದಷ್ಟೇ ಹೇಳಿ ಇಳಿದುಬಂದೆ. ಆರಾಧನೆ ಮುಗಿದ ಮೇಲೆ ನಮ್ಮ ಓಣಿಯ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, "ತಂಗೀ, ಇವತ್ತ ಅಂವ ನನ್ನ ಕಡೆನ ನೋಡಿ ನೀರು ಕೇಳಿದಂಗಾತವಾ" ಎಂದಳು. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಆದರೆ ಅಂದಿನಿಂದ ಮೂರು ತಿಂಗಳು ಒಂದು ಮಾತು ನನ್ನನ್ನು ಬಿಡಲಿಲ್ಲ: ಇದೇ ನಿನ್ನ ಕೆಲಸ.

ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರಿಗೆ ಹೇಳಿದಾಗ ಅವರು ಸಂತೋಷಪಡುತ್ತಾರೆಂದು ಎಣಿಸಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಒಂದು ವರ್ಷ ಯಾರಿಗೂ ಹೇಳಬ್ಯಾಡ. ಇದು ದೇವರದಾಗಿದ್ದರ ಒಂದು ವರ್ಷದಾಗ ಸಾಯೂದಿಲ್ಲ. ನಿನ್ನದಾಗಿದ್ದರ ತಾನ ಸಾಯತದ, ಅದೂ ಒಳ್ಳೇದ" ಎಂದರು. ಆಗ ಕಹಿಯೆನಿಸಿದ ಆ ಮಾತು ಮುಂದೆ ನನಗೆ ಆಧಾರವಾಯಿತು. ಕರೆಯನ್ನು ಪರೀಕ್ಷಿಸುವುದು ಅಪನಂಬಿಕೆಯಲ್ಲ ಎಂಬುದನ್ನು ಅವರು ಮೊದಲ ದಿನವೇ ಕಲಿಸಿಬಿಟ್ಟಿದ್ದರು.

ವರ್ಷ ಕಳೆಯಿತು, ಮಾತು ಉಳಿಯಿತು. ಸಭೆಯ ಸಮಿತಿಯ ಶಿಫಾರಸು, ಸಭಾಪ್ರಾಂತದ (ಡಯಾಸಿಸ್) ಸಂದರ್ಶನ, ವೈದ್ಯಕೀಯ ತಪಾಸಣೆ, ಹಳ್ಳಿಯಲ್ಲಿ ಒಂದು ವರ್ಷದ ಕ್ಷೇತ್ರಸೇವೆ, ಇವೆಲ್ಲ ಒಂದಾದಮೇಲೊಂದು ನಡೆದವು. ಸಮಿತಿಯಲ್ಲಿ ಒಬ್ಬ ಹಿರಿಯರು, ಹೆಣ್ಣುಮಗಳು ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿನ ಮುಂದೆ ನಿಲ್ಲುವುದು ತಮಗೆ ಒಪ್ಪಿಗೆಯಿಲ್ಲವೆಂದು ನೇರವಾಗಿ ಹೇಳಿದರು. ನಮ್ಮ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಮಹಿಳೆಯರಿಗೆ ದೀಕ್ಷೆ ಕೊಡಲು ತೊಡಗಿದ್ದು 1976ರಲ್ಲಿ. ಅದನ್ನು ಅವರಿಗೆ ನೆನಪಿಸಿದ್ದೂ ಆಯಿತು. ಆ ರಾತ್ರಿ ನಾನು ಮೊಣಕಾಲೂರಿ, ಸೈತಾನನು ಈ ಮನುಷ್ಯನ ಮೂಲಕ ನನ್ನನ್ನು ತಡೆಯುತ್ತಿದ್ದಾನೆ ಎಂದು ಪ್ರಾರ್ಥಿಸಿದೆ. ಇದನ್ನು ನೆನೆದರೆ ಇಂದಿಗೂ ನೋವಾಗುತ್ತದೆ. ನಮ್ಮ ಹೋರಾಟ ರಕ್ತಮಾಂಸದ ಮನುಷ್ಯರ ಸಂಗಡವಲ್ಲ ಎಂದು ಪೌಲನು ಎಫೆಸದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿರುವಾಗ, ಆತ್ಮಿಕ ಹೋರಾಟ ಎಂದೊಡನೆ ನಮ್ಮ ಕಣ್ಣು ಮೊದಲು ಹುಡುಕುವುದು ಒಬ್ಬ ಮನುಷ್ಯನನ್ನೇ. ಆ ಹಿರಿಯರು ತಮಗೆ ಕಂಡ ಸತ್ಯವನ್ನು ನನ್ನ ಮುಖದೆದುರಿಗೆ ಹೇಳಿದ್ದರು. ಅವರನ್ನು ವೈರಿಯ ಕೈಗೊಂಬೆಯೆಂದು ಕರೆದಾಗ ನನ್ನೊಳಗೆ ಒಂದು ಬಗೆಯ ಹೆಮ್ಮೆ ಏರಿತು, ಮತ್ತು ನಿಜವಾದ ಎದುರಾಳಿ ಬಂದಾಗ ಅವನನ್ನು ಗುರುತಿಸಲಾಗದಂತೆ ಆ ಹೆಮ್ಮೆ ನನ್ನ ಕಣ್ಣು ಕಟ್ಟಿತು.

2012ರ ಜೂನ್‌ನಲ್ಲಿ ಮಂಗಳೂರಿನ ಬಲ್ಮಠಕ್ಕೆ ಬಂದೆ. ಪಾದ್ರಿಗಳನ್ನು ತರಬೇತುಗೊಳಿಸಲು ಬಾಸೆಲ್ ಮಿಶನ್ 1847ರಲ್ಲಿ ಆರಂಭಿಸಿದ ಸೆಮಿನರಿಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಒಂದುಗೂಡಿ 1965ರಲ್ಲಿ ಆದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇರುವುದು ಅಲ್ಲಿ. ಸೆರಾಂಪುರದ ಬಿ.ಡಿ., ಅಂದರೆ ದೇವಶಾಸ್ತ್ರದ ಪದವಿ, ನಾಲ್ಕು ವರ್ಷ. ಮೊದಲ ಎರಡು ವರ್ಷ ನಾನು ಹಬ್ಬದ ಮನೆಯಲ್ಲಿದ್ದ ಮಗುವಿನಂತಿದ್ದೆ. ಗ್ರೀಕ್ ಕ್ರಿಯಾಪದಗಳ ಪಟ್ಟಿಯನ್ನು ಬಟ್ಟೆ ಒಗೆಯುವಾಗ ಬಾಯಿಪಾಠ ಮಾಡುತ್ತಿದ್ದೆ, ಹೀಬ್ರೂ ಅಕ್ಷರಗಳನ್ನು ಬಲದಿಂದ ಎಡಕ್ಕೆ ಬರೆದು ಅಪ್ಪನಿಗೆ ಪತ್ರದಲ್ಲಿ ಕಳಿಸುತ್ತಿದ್ದೆ. 2013ರ ಸೆಪ್ಟೆಂಬರ್‌ನಲ್ಲಿ ನಂದ್ಯಾಲದಲ್ಲಿ ಪುಷ್ಪ ಲಲಿತಾ ಅವರು ನಮ್ಮ ಸಭೆಯ ಮೊದಲ ಮಹಿಳಾ ಬಿಷಪ್ಪರಾಗಿ ಅಭಿಷಿಕ್ತರಾದ ಸುದ್ದಿ ಬಂದ ದಿನ ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ರಾತ್ರಿ ಹನ್ನೊಂದರವರೆಗೆ ಹಾಡಿದೆವು. ದಾರಿ ತೆರೆದಿತ್ತು, ತಡೆಯುವವರು ಯಾರೂ ಇರಲಿಲ್ಲ. ಆಮೇಲೆ ಬಂದದ್ದು ಅದಕ್ಕೇ ನನಗೆ ಅರ್ಥವಾಗಲಿಲ್ಲ.

2014ರ ಮಳೆಗಾಲದಲ್ಲಿ ಅದು ಶುರುವಾಯಿತು. ಯಾವ ದಿನ ಎಂದು ಹೇಳಲಾರೆ. ಮಂಗಳೂರಿನ ಮಳೆಯಲ್ಲಿ ಗೋಡೆಗೆ ಹಾವಸೆ ಹತ್ತುವುದು ಯಾವ ದಿನವೆಂದು ಯಾರೂ ಹೇಳಲಾರರು. ಬೆಳಗಿನ ಚಾಪೆಲ್ ಆರಾಧನೆಯಲ್ಲಿ ಗೀತಪುಸ್ತಕ ಬಿಡಿಸಿದರೆ ಹಾಳೆಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಉಗುರಿನಿಂದ ಬಿಡಿಸಬೇಕಿತ್ತು. ಹಾಗೆ ಬಿಡಿಸುತ್ತ ನಿಂತಿದ್ದ ಒಂದು ಬೆಳಿಗ್ಗೆ, ಎಷ್ಟೋ ವಾರಗಳಿಂದ ನನ್ನ ತುಟಿ ಮಾತ್ರ ಅಲುಗುತ್ತಿದೆಯೆಂದು ಹೊಳೆಯಿತು. ನಾನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಪ್ರಾರ್ಥನೆಯ ಇನ್ನೊಂದು ತುದಿಯಲ್ಲಿ ಯಾರೂ ಇದ್ದಂತಿರಲಿಲ್ಲ.

ಬರೀ ಮೌನವಾಗಿದ್ದರೆ ತಾಳಿಕೊಳ್ಳಬಹುದಿತ್ತು. ಮೌನದ ಬೆನ್ನಿಗೆ ಮಾತು ಬಂತು. ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಸರ್ಪವು ಮೊದಲು ಸುಳ್ಳು ಹೇಳುವುದಿಲ್ಲ, ಮೊದಲು ಪ್ರಶ್ನೆ ಕೇಳುತ್ತದೆ: ದೇವರು ನಿಜವಾಗಿ ಹಾಗೆ ಹೇಳಿದ್ದುಂಟೋ? ನನಗೂ ಬಂದದ್ದು ಅದೇ ಪ್ರಶ್ನೆ, ನನ್ನದೇ ದನಿಯಲ್ಲಿ, ನಮ್ಮೂರಿನ ಕನ್ನಡದಲ್ಲಿ: "ನಿನ್ನ ಯಾರು ಕರೆದಾರ? ಒಬ್ಬಾಕಿ ಮುದುಕಿ ಕೈ ಹಿಡಕೊಂಡು ಅತ್ತಳು, ಅಷ್ಟ." ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು, ಆಗ ನಾನು ಹಿಂದೆ ಮಾಡಿದ ತಪ್ಪುಗಳು ಒಂದೊಂದಾಗಿ, ದಿನಾಂಕ ಸಹಿತವಾಗಿ, ಎದುರಿಗೆ ಬಂದು ನಿಲ್ಲುತ್ತಿದ್ದವು; ಕ್ಷಮೆ ಬೇಡಿ ಮುಗಿಸಿದ್ದ ಪಾಪಗಳನ್ನೇ ಆ ದನಿ ಮತ್ತೆ ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಪ್ರಭುಭೋಜನದ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದಾಗ ಬಾಯಿಬಿಟ್ಟು ಹೇಳಲಾಗದ ದೇವದೂಷಣೆಯ ಮಾತುಗಳು ಮನಸ್ಸಿನಲ್ಲಿ ಸುಳಿಯುತ್ತಿದ್ದವು, ಅವು ನನ್ನವೇ ಎಂದು ನಂಬಿ ನಾನು ನಡುಗುತ್ತಿದ್ದೆ. ಜೊತೆಗೆ ಹಗಲಿನ ಆಮಿಷಗಳೂ ಇದ್ದವು. ಸರ್ಕಾರಿ ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕು ಎಂದು ಅಣ್ಣ ಫೋನ್ ಮಾಡುತ್ತಿದ್ದ. ಒಳ್ಳೆಯ ಮನೆತನದ ಒಂದು ಸಂಬಂಧ ಬಂದಿತ್ತು, ಓದು ಬಿಟ್ಟು ಬಂದರೆ ಮಾತ್ರ ಎಂಬ ಷರತ್ತಿನ ಮೇಲೆ. ನೌಕರಿಯಲ್ಲಾಗಲಿ ಮದುವೆಯಲ್ಲಾಗಲಿ ಕೆಟ್ಟದ್ದೇನೂ ಇರಲಿಲ್ಲ, ಅವು ಒಳ್ಳೆಯವಾಗಿದ್ದುದರಿಂದಲೇ ಬಿಡಿಸಿಕೊಳ್ಳುವುದು ಕಷ್ಟವಾಯಿತು.

ಆ ವರ್ಷ ಸಭಾಚರಿತ್ರೆಯ ತರಗತಿಯಲ್ಲಿ ನಾಲ್ಕನೆಯ ಶತಮಾನದ ಈಜಿಪ್ಟಿನ ಮರಳುಗಾಡಿನ ಸನ್ಯಾಸಿ ಇವಾಗ್ರಿಯಸನ ವಿಷಯ ಬಂತು. ಸನ್ಯಾಸಿಯನ್ನು ಕಾಡುವ ಎಂಟು ಆಲೋಚನೆಗಳನ್ನು ಅವನು ಹೆಸರಿಟ್ಟು ವರ್ಣಿಸಿದ್ದಾನೆ. ಅವುಗಳಲ್ಲಿ ಒಂದನ್ನು ನಡುಹಗಲಿನ ದೆವ್ವ ಎಂದು ಕರೆಯುತ್ತಾನೆ: ಅದು ಬಂದು ಕೂತರೆ ಸೂರ್ಯ ಕದಲುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆಗಳಿದ್ದಂತಾಗುತ್ತದೆ, ಇರುವ ಜಾಗ ಬೇಸರವಾಗುತ್ತದೆ, ಮಾಡುವ ಕೆಲಸ ಬೇಸರವಾಗುತ್ತದೆ, ದೇವರನ್ನು ಎಲ್ಲಿಯಾದರೂ ಆರಾಧಿಸಬಹುದಲ್ಲ, ಇಲ್ಲೇ ಏಕೆ ಎಂಬ ವಾದ ಹುಟ್ಟುತ್ತದೆ, ಬಿಟ್ಟುಬಂದ ಮನೆಯವರ ನೆನಪು ಕಾಡುತ್ತದೆ. ಉಪನ್ಯಾಸಕರು ಪರೀಕ್ಷೆಗೆ ಬೇಕಾದಷ್ಟು ಹೇಳಿ ಮುಂದಿನ ಪಾಠಕ್ಕೆ ಹೋದರು. ನಾನು ಬರೆಯುವುದನ್ನು ನಿಲ್ಲಿಸಿ ಕೂತುಬಿಟ್ಟೆ. ಹದಿನಾರು ನೂರು ವರ್ಷಗಳ ಹಿಂದೆ, ನಾನು ಕಾಣದ ದೇಶದಲ್ಲಿ, ಒಬ್ಬನು ನನ್ನ ಮಧ್ಯಾಹ್ನಗಳನ್ನು ಸಾಲುಸಾಲಾಗಿ ಬರೆದಿಟ್ಟಿದ್ದ. ಇದು ನನ್ನೊಬ್ಬಳ ಕೊಳೆ ಎಂಬ ನಾಚಿಕೆ ಅಂದು ಅರ್ಧ ಕಳಚಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಪ್ರಾಮಾಣಿಕತೆ ಆಗುವುದಿಲ್ಲ. ನನ್ನ ಕಣ್ಣಿನ ಕೆಳಗಿನ ಕಪ್ಪನ್ನು ಕಂಡ ಒಬ್ಬ ಉಪನ್ಯಾಸಕರ ಮನೆಯ ಅಮ್ಮನವರು ನನ್ನನ್ನು ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಮೂರು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದೆ, ಅವರ ಮನೆಯಲ್ಲಿ ಬಸಳೆ ಸೊಪ್ಪಿನ ಸಾರು ಉಂಡೆ. ನಿದ್ದೆ ಬಂತು, ಮೂರು ಗಂಟೆಯ ಲೆಕ್ಕಪತ್ರ ಬಹುಮಟ್ಟಿಗೆ ನಿಂತಿತು. ಪ್ರಾರ್ಥನೆ ಮಾತ್ರ ಒಣಗಿಯೇ ಇತ್ತು. ಹೀಗಾಗಿ ನನ್ನ ಕತ್ತಲೆಯಲ್ಲಿ ಒಂದು ಪಾಲು ರಕ್ತಹೀನತೆ, ಒಂದು ಪಾಲು ಬೇರೆಯದು ಎಂದು ತಿಳಿಯಿತು. ಬೈಬಲಿನ ಪ್ರವಾದಿ ಎಲೀಯನು ಮರಳುಗಾಡಿನಲ್ಲಿ ಸಾವನ್ನು ಬೇಡಿಕೊಂಡು ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಆಮೇಲೆ ಪ್ರಯಾಣ, ಆಮೇಲೆ ಬೆಟ್ಟ, ಆಮೇಲೆ ಮಾತು. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಿ ವೈದ್ಯರ ಬಳಿಗೆ ಹೋಗದವರನ್ನು ಕಂಡರೆ ನನಗೆ ಈಗ ಭಯವಾಗುತ್ತದೆ. ಎಲ್ಲವನ್ನೂ ವೈದ್ಯರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವವರ ಮಾತನ್ನೂ ನಾನು ಒಪ್ಪಲಾರೆ.

ಬಲ್ಮಠದ ಹತ್ತಿರದಲ್ಲೇ ನಿವೃತ್ತರಾದ ಒಬ್ಬ ಹಿರಿಯ ಪ್ರೆಸ್ಬಿಟರ್ ಇದ್ದರು. ಎರಡು ಶನಿವಾರಕ್ಕೊಮ್ಮೆ ಅವರ ಮನೆಯ ಜಗಲಿಯಲ್ಲಿ ಕೂತು, ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಅಪ್ಪಣೆಯಾಯಿತು. ದೇವದೂಷಣೆಯ ಮಾತುಗಳನ್ನು ಹೇಳುವುದಕ್ಕೆ ನನಗೆ ಮೂರು ಶನಿವಾರ ಬೇಕಾಯಿತು. ಹೇಳಿದಾಗ ಅವರು ಬೆಚ್ಚಿಬೀಳಲಿಲ್ಲ, "ಕದದ ಹೊರಗೆ ನಾಯಿ ಬೊಗಳಿದರೆ ಬೊಗಳಿದ್ದು ನೀವು ಅಂತ ಆಗ್ತದಾ?" ಎಂದು ಕೇಳಿ, ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಮಂಗಳೂರಿನ ಯೇಸುಸಭೆಯವರ (ಜೆಸ್ವಿಟರ) ಧ್ಯಾನಮಂದಿರದಲ್ಲಿ ಹಿಂದೊಮ್ಮೆ ಧ್ಯಾನ ಮಾಡಿದ್ದ ಅವರು, ಆ ಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲರ ಒಂದು ನಿಯಮವನ್ನು ನನ್ನ ಮೇಲೆ ಹೇರಿದರು: ಮನಸ್ಸು ಬರಡಾಗಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಬಿಡುವುದಾದರೆ ಮನಸ್ಸು ತಿಳಿಯಾದ ದಿನ ಬಿಡಿ, ಅಂದು ನಾನೇ ನಿಮ್ಮ ಜೊತೆ ಬಂದು ಪತ್ರ ಬರೆದುಕೊಡುತ್ತೇನೆ ಎಂದರು. ನನ್ನ ಸ್ವಂತ ಪ್ರಾರ್ಥನೆ ಸತ್ತಿದ್ದರೆ ಇಸ್ರಾಯೇಲಿನ ಪ್ರಾರ್ಥನೆಯನ್ನು ಓದಿ ಎಂದು ಹೇಳಿ, ಬೈಬಲಿನ ಕೀರ್ತನೆಗಳಲ್ಲಿ ಬೆಳಿಗ್ಗೆ ಒಂದು ಸಂಜೆ ಒಂದನ್ನು, ಮನಸ್ಸು ಬಂದರೂ ಬಾರದಿದ್ದರೂ, ಗಟ್ಟಿಯಾಗಿ ಓದಲು ಹಚ್ಚಿದರು. 88ನೆಯ ಕೀರ್ತನೆ ಬಂದ ದಿನ ನಾನು ಅದನ್ನು ಎರಡು ಸಲ ಓದಿದೆ. ಬೇರೆ ಮೊರೆಯ ಕೀರ್ತನೆಗಳಲ್ಲಿ ಕೊನೆಗೆ ಸಾಮಾನ್ಯವಾಗಿ ಒಂದು ತಿರುವು ಬರುತ್ತದೆ, ಸ್ತೋತ್ರ ಬರುತ್ತದೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಕತ್ತಲೆಯಲ್ಲೇ ಮುಗಿದ ಪ್ರಾರ್ಥನೆಯನ್ನೂ ಪವಿತ್ರಗ್ರಂಥದಿಂದ ತೆಗೆಯದೆ ಇಟ್ಟುಕೊಂಡಿದ್ದಾರೆ ಎಂಬುದು ನನಗೆ ಆ ದಿನ ಅನ್ನವಾಯಿತು.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1539ರಲ್ಲಿ ಬರೆದ ಒಂದು ಮುನ್ನುಡಿಯನ್ನೂ ಅವರು ಓದಿಸಿದರು. 119ನೆಯ ಕೀರ್ತನೆಯನ್ನು ಆಧಾರವಾಗಿಟ್ಟುಕೊಂಡು, ದೇವಶಾಸ್ತ್ರ ಕಲಿಯುವವರಿಗೆ ಮೂರು ಬೇಕೆಂದು ಲೂಥರ್ ಅಲ್ಲಿ ಹೇಳುತ್ತಾನೆ: ಪ್ರಾರ್ಥನೆ, ಧ್ಯಾನ, ಶೋಧನೆ, ಅಂದರೆ ನಂಬಿಕೆಗೆ ಬರುವ ಪರೀಕ್ಷೆ. ಮೂರನೆಯದನ್ನು ಅವನು ಅಡ್ಡಿಯೆಂದು ಎಣಿಸುವುದಿಲ್ಲ, ಓದಿನ ಭಾಗವೆಂದೇ ಎಣಿಸುತ್ತಾನೆ. ಕನ್ನಡ ಬೈಬಲಿನಲ್ಲಿ ನಾವು ಬಳಸುವ ಶೋಧನೆ ಎಂಬ ಪದಕ್ಕೆ ಹುಡುಕಿ ನೋಡುವುದು, ಶುದ್ಧಿ ಮಾಡುವುದು ಎಂಬ ಅರ್ಥಗಳೂ ಇವೆ. ಚಿಕ್ಕಂದಿನಿಂದ ಪ್ರಭುಪ್ರಾರ್ಥನೆಯಲ್ಲಿ ಉಚ್ಚರಿಸುತ್ತಿದ್ದ ಪದದ ಒಳಗನ್ನು ಮೊದಲ ಸಲ ಇಣುಕಿದೆ.

ಬಲ್ಮಠದ ಅದೇ ಗುಡ್ಡದ ಮೇಲೆ ಹಿಂದೆ ಕಲಿಸುತ್ತಿದ್ದ ಹರ್ಮನ್ ಆನಂದರಾವ್ ಕೌಂಡಿನ್ಯರನ್ನು ಆ ದಿನಗಳಲ್ಲಿ ಬಹಳ ನೆನೆಯುತ್ತಿದ್ದೆ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಬ್ರಾಹ್ಮಣ ಯುವಕ ಅವರು. ಬಾಸೆಲ್ ನಗರದಲ್ಲಿ ಓದಿ 1851ರಲ್ಲಿ ದೀಕ್ಷೆ ಹೊಂದಿ, ತಮ್ಮನ್ನು ಹೊರಗಿಟ್ಟ ಊರಿಗೇ ತಿರುಗಿ ಬಂದರು. ಅವರ ದುಃಖದ ಮುಂದೆ ನನ್ನದು ಚಿಕ್ಕದೆಂದು ಹೇಳಿಕೊಳ್ಳಲಿಲ್ಲ, ಹಾಗೆ ಹೋಲಿಸಿದರೆ ಯಾರ ನೋವೂ ಕಡಿಮೆಯಾಗುವುದಿಲ್ಲ. ಹೊರಗಿಟ್ಟವರ ನಡುವೆಯೇ ಬಂದು ಪಾಠ ಹೇಳುತ್ತ ಕುಳಿತ ಅವರ ಬೆಳಗುಗಳು ಹೇಗಿದ್ದಿರಬಹುದೆಂದು ಮಾತ್ರ ಯೋಚಿಸುತ್ತಿದ್ದೆ.

ಆ ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ರಜೆಗೆ ಬೆಟಗೇರಿಗೆ ಹೋದಾಗ, ನಿಯಮ ಗಿಯಮ ಎಲ್ಲ ಬದಿಗಿಟ್ಟು, ಬಿಟ್ಟೇಬಿಡುತ್ತೇನೆಂದು ಅವ್ವನಿಗೆ ಹೇಳಿದೆ. ಅವ್ವ ಹಿತ್ತಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮರದ (ಮೊರದ) ತುಂಬ ಜೋಳ ಸುರಿದುಕೊಂಡು, ಎರಡೂ ಕೈಯಲ್ಲಿ ಅಂಚು ಹಿಡಿದು, ಮಣಿಕಟ್ಟನ್ನು ಒಂದಿಷ್ಟೇ ಎತ್ತಿ ಕೇರುವಳು. ಕಾಳೆಲ್ಲ ಒಂದು ಗೇಣು ಮೇಲೆದ್ದು ಮತ್ತೆ ಅದೇ ಸದ್ದಿನೊಡನೆ ಮರಕ್ಕೆ ಬೀಳುವುದು, ಹೊಟ್ಟು ಮುಂದಕ್ಕೆ ಹಾರಿ ಅವಳ ಕಾಲಿನಾಚೆ ಗುಡ್ಡೆಯಾಗುವುದು. ಆಮೇಲೆ ಮರವನ್ನು ಓರೆಮಾಡಿ, ಹೆಬ್ಬೆರಳಿನಿಂದ ತಟ್ಟಿ, ಒಂದು ಮೂಲೆಗೆ ಕಲ್ಲು ಹರಳು ಕೂಡಿಸಿ ಆರಿಸುವಳು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಅವಳ ಕೈ ನಿಲ್ಲಲಿಲ್ಲ. ಕೊನೆಗೆ ನಾನು, ದೇವರು ಇದ್ದಾನೋ ಇಲ್ಲವೋ ಎಂಬುದೇ ನನಗೆ ಗೊತ್ತಾಗುತ್ತಿಲ್ಲ ಎಂದೆ.

"ಮ್ಯಾಲ ಹಾರಿದ ಕಾಳಿಗೆ ಕೆಳಗ ಮರ ಐತೋ ಇಲ್ಲೋ ಏನು ಗೊತ್ತವಾ" ಎಂದಳು ಅವ್ವ. "ಹಿಡದಾಕಿಗೆ ಗೊತ್ತಿರತದ."

ಆಕೆ ಲೂಕನ ಸುವಾರ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳಿದಳೋ, ಕೈಯಲ್ಲಿದ್ದ ಕೆಲಸವನ್ನು ನೋಡಿ ಹೇಳಿದಳೋ ನಾನು ಕೇಳಲಿಲ್ಲ. ಆದರೆ ನನಗೆ 22ನೆಯ ಅಧ್ಯಾಯ ನೆನಪಾಯಿತು. ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು (ಕೇರಬೇಕೆಂದು) ಕೇಳಿಕೊಂಡಿದ್ದಾನೆ, ಆದರೆ ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ ಎಂದು ಕೊನೆಯ ಭೋಜನದ ರಾತ್ರಿ ಯೇಸು ಪೇತ್ರನಿಗೆ ಹೇಳುವ ಮಾತು ಅದು. ಗ್ರೀಕ್ ತರಗತಿಯಲ್ಲಿ ಈ ವಾಕ್ಯದ ಸರ್ವನಾಮಗಳನ್ನು ನಾವು ಬಿಡಿಸಿ ನೋಡಿದ್ದೆವು: ಒನೆಯುವುದು ಬಹುವಚನದಲ್ಲಿದೆ, ಎಲ್ಲ ಶಿಷ್ಯರನ್ನೂ, ಬೇಡಿಕೊಂಡದ್ದು ಏಕವಚನದಲ್ಲಿದೆ, ನಿನ್ನೊಬ್ಬನಿಗೋಸ್ಕರ. ನೀನು, ನೀವು ಎಂದು ಎರಡು ಪದಗಳಿರುವ ನಮ್ಮ ಕನ್ನಡದಲ್ಲಿ ಆ ವ್ಯತ್ಯಾಸ ಹಾಗೆಯೇ ಉಳಿದಿದೆ. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ ಬಂದಿತ್ತು. ಹಿತ್ತಲಿನಲ್ಲಿ ಅವ್ವನ ಎದುರಿಗೆ ಕೂತು, ನಾನು ಪ್ರಾರ್ಥಿಸಲಾರದ ತಿಂಗಳುಗಳಲ್ಲಿ ನನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಿರುವವನು ಒಬ್ಬನಿದ್ದಾನೆ ಎಂದು ಆ ವಾಕ್ಯ ಹೇಳುತ್ತಿದೆಯೆಂದು ತಿಳಿದೆ. ತಿಳಿದೆ, ಅಷ್ಟೇ, ಒಳಗೆ ಏನೂ ಕದಲಲಿಲ್ಲ.

ಹೊಸ ವರ್ಷದ ಒಡಂಬಡಿಕೆಯ ಆರಾಧನೆಯಲ್ಲಿ, ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1755ರಿಂದ ತನ್ನ ಜನರ ಬಾಯಲ್ಲಿ ಹೇಳಿಸತೊಡಗಿದ ಆ ಪರಂಪರೆಯ ಪ್ರಾರ್ಥನೆಯನ್ನು ಎಲ್ಲರೊಡನೆ ನಾನೂ ಓದಿದೆ. ನಿನ್ನ ಕೆಲಸಕ್ಕೆ ಹಚ್ಚಿದರೂ ಸರಿ, ನಿನಗಾಗಿ ಬದಿಗಿಟ್ಟರೂ ಸರಿ ಎಂಬ ಭಾವದ ಮಾತುಗಳು ಅವು. ಓದುವಾಗ ಭಾವನೆ ಏನೂ ಇರಲಿಲ್ಲ, ಓದಿದ್ದಂತೂ ನಿಜ. ಮರುವಾರ ಬಲ್ಮಠಕ್ಕೆ ಹಿಂತಿರುಗಿದೆ. ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಲಿಲ್ಲ. ಸಂಬಂಧ ತಪ್ಪಿಹೋಯಿತು, ಅದಕ್ಕಾಗಿ ನಾನು ಅತ್ತದ್ದೂ ಉಂಟು.

2016ರಲ್ಲಿ ಓದು ಮುಗಿಸಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಪರೀಕ್ಷಾ ಅವಧಿಯ ಸೇವೆಗೆ ಹೋದೆ. ನಲವತ್ತು ಮನೆಯ ಸಭೆ. ಸುಗ್ಗಿ ಹಬ್ಬದ ಹರಾಜಿನ ಹಣದಲ್ಲಿ ನಾನು ಪಾಲು ತೆಗೆದುಕೊಂಡಿದ್ದೇನೆಂದು ಮೂರನೆಯ ತಿಂಗಳಲ್ಲೇ ಹೆಸರಿಲ್ಲದ ಒಂದು ಪತ್ರ ಮೇಲಿನವರಿಗೆ ಹೋಯಿತು. ವಿಚಾರಣೆಗೆ ಬಂದವರಿಗೆ ರಸೀದಿ ಪುಸ್ತಕ, ಲೆಕ್ಕದ ಪುಸ್ತಕ ಎರಡನ್ನೂ ಕೊಟ್ಟೆ, ಹೊಂದಿಕೆಯಾಯಿತು, ಅವರು ಹೋದರು. ಆದರೆ ನನಗೆ ಅದಕ್ಕಿಂತ ದೊಡ್ಡ ಗಂಡಾಂತರ ಬಂದದ್ದು ನನ್ನ ಪರವಾಗಿದ್ದವರಿಂದ. ಐದಾರು ಮಂದಿ ರಾತ್ರಿ ಮನೆಗೆ ಬಂದು, ಪತ್ರ ಬರೆದವನು ಯಾರೆಂದು ತಮಗೆ ಗೊತ್ತು, ಅವನಲ್ಲಿರುವ ದುರಾತ್ಮವನ್ನು ಕಟ್ಟಿಹಾಕಲು ಉಪವಾಸವಿದ್ದು ರಾತ್ರಿಯಿಡೀ ಪ್ರಾರ್ಥಿಸೋಣ, ನೀವೇ ಮುಂದೆ ನಿಲ್ಲಬೇಕು ಎಂದರು. ನಾನು ತಕ್ಷಣ ಬೇಡವೆನ್ನಲಿಲ್ಲ. ಆ ಮನುಷ್ಯನ ಹೆಸರನ್ನು ಹಾಗೆ ಕೂಗಿ ಹೇಳಬೇಕೆಂಬ ಆಸೆ ನನ್ನ ಗಂಟಲಿನವರೆಗೆ ಬಂದಿತ್ತು. ಎರಡು ವರ್ಷ ನನ್ನನ್ನು ಮೂರು ಗಂಟೆಗೆ ಎಬ್ಬಿಸಿ ಆಪಾದನೆ ಹೊರಿಸಿದ ದನಿಯೇ ಈಗ ಬೇರೊಬ್ಬನ ಮೇಲೆ ಆಪಾದನೆ ಹೊರಿಸಲು ನನ್ನ ಬಾಯಿಯನ್ನು ಕೇಳುತ್ತಿದೆಯೆಂದು ಆಗ ಕಂ​ಡಿತು. ಪ್ರಕಟನೆ ಗ್ರಂಥದಲ್ಲಿ ಸೈತಾನನಿಗೆ ಇರುವ ಒಂದು ಹೆಸರು ದೂರುಗಾರ ಎಂದಲ್ಲವೇ. ಬೇಡ, ಹೆಸರು ಹಿಡಿದು ಪ್ರಾರ್ಥಿಸುವುದಾದರೆ ಅವರ ಮನೆಯ ಬೆಳೆಗೆ, ಮಕ್ಕಳ ಓದಿಗೆ ಪ್ರಾರ್ಥಿಸೋಣ ಎಂದೆ. ಇಬ್ಬರು ಎದ್ದು ಹೋದರು, ಉಳಿದವರು ಕೂತರು.

ಆ ಚಳಿಗಾಲದಲ್ಲೇ, ಸಭೆಯ ಒಂದು ಮನೆಯ ಹದಿನೇಳರ ಹುಡುಗಿ ಊಟ ನಿದ್ದೆ ಬಿಟ್ಟು, ತನ್ನನ್ನು ಯಾರೋ ಕರೆಯುತ್ತಿದ್ದಾರೆಂದು ಗೋಡೆಯ ಕಡೆಗೆ ತಿರುಗಿ ಕೂರತೊಡಗಿದಳು. ದೆವ್ವ ಬಿಡಿಸಿ ಎಂದು ಮನೆಯವರು ಕೇಳಿದರು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವಳನ್ನೂ ಅವಳ ಅಜ್ಜಿಯನ್ನೂ ಕರೆದುಕೊಂಡು ಧಾರವಾಡದ ಮಾನಸಿಕ ಆಸ್ಪತ್ರೆಗೆ ಹೋದೆ. ಅಲ್ಲಿ ಆರು ದಿನ ಅವರ ಜೊತೆಗಿದ್ದೆ. ರಾತ್ರಿ ಅಜ್ಜಿ ಮೊಮ್ಮಗಳ ಕಾಲು ಒತ್ತುತ್ತ ಸಣ್ಣ ದನಿಯಲ್ಲಿ ಹಳೆಯ ಗೀತಗಳನ್ನು ಹಾಡುತ್ತಿದ್ದಳು, ಮರೆತ ಸಾಲುಗಳನ್ನು ನಾನು ಹೇಳಿಕೊಡುತ್ತಿದ್ದೆ. ಮೂರನೆಯ ರಾತ್ರಿಯೋ ನಾಲ್ಕನೆಯದೋ, ಹುಡುಗಿಯ ಉಸಿರು ಸಮವಾಗುವುದನ್ನು ನೋಡುತ್ತ ಕೂತಿದ್ದಾಗ, ನಾನು ಪ್ರಾರ್ಥಿಸುತ್ತಿದ್ದೇನೆ ಎಂಬುದು ಅರಿವಿಗೆ ಬಂತು. ಯಾವಾಗ ಶುರುವಾಯಿತೋ ತಿಳಿಯದು. ಇನ್ನೊಂದು ತುದಿಯಲ್ಲಿ ಯಾರೋ ಇದ್ದರು.

ಬೇಸಿಗೆಯಲ್ಲಿ ಮಲಪ್ರಭೆ ಬತ್ತಿದಾಗ ನಮ್ಮ ಹೆಂಗಸರು ಹೊಳೆಯ ಉಸುಕಿನಲ್ಲಿ ವರತಿ ತೋಡುತ್ತಾರೆ. ಮೊಣಕೈಯವರೆಗೆ ಒಣ ಉಸುಕು, ಆಮೇಲೆ ಹಸಿ ಉಸುಕು, ಆಮೇಲೆ ತಳದಲ್ಲಿ ಒಂದಿಷ್ಟು ನೀರು ಜಿನುಗುತ್ತದೆ. ತೆಂಗಿನ ಚಿಪ್ಪಿನಿಂದ ಅದನ್ನು ತುಂಬಿಕೊಂಡು, ಮತ್ತೆ ಜಿನುಗುವವರೆಗೆ ಕಾಯಬೇಕು. ಒಂದು ಕೊಡ ತುಂಬಲು ಬಹಳ ಹೊತ್ತು ಬೇಕು. ನನ್ನ ಪ್ರಾರ್ಥನೆ ಮರಳಿದ್ದು ಹಾಗೆ, ಮತ್ತು ಇಂದಿಗೂ ಅದು ಬಹುಪಾಲು ಹಾಗೆಯೇ ಇದೆ. ಮೊದಲಿನ ತುಂಬುಹೊಳೆ ಮತ್ತೆ ಬರಲಿಲ್ಲ. ಮನಸ್ಸು ತಿಳಿಯಾದ ಮೇಲೆ ಬಲ್ಮಠದ ಹಿರಿಯರಿಗೆ ಫೋನ್ ಮಾಡಿದಾಗ ಅವರು, "ಹಾಗಾದರೆ ಈಗ ನಿರ್ಧಾರ ಮಾಡಬಹುದು. ಬಿಡ್ತೀರಾ?" ಎಂದು ಕೇಳಿದರು. ಇಲ್ಲ ಎಂದೆ.

2018ರಲ್ಲಿ ಡೀಕನ್ ದೀಕ್ಷೆ, ಮರುವರ್ಷ ಪ್ರೆಸ್ಬಿಟರ್ ದೀಕ್ಷೆ. ಬಿಷಪ್ಪನವರೂ ಪ್ರೆಸ್ಬಿಟರರೂ ತಲೆಯ ಮೇಲೆ ಕೈಗಳನ್ನಿಟ್ಟಾಗ ಅಷ್ಟೊಂದು ಕೈಗಳ ಭಾರಕ್ಕೆ ಕುತ್ತಿಗೆ ಬಾಗಿತು. ಆಮೇಲೆ ಬೈಬಲನ್ನು ಕೈಗೆ ಕೊಟ್ಟರು. ಅಪ್ಪ ಆಗ ಇರಲಿಲ್ಲ. ಅವ್ವ ಎರಡನೆಯ ಬೆಂಚಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

ಈಗ ನಾನಿರುವ ಸಭೆಯಲ್ಲಿಯೂ, ಹೆಣ್ಣಿನ ಕೈಯಿಂದ ಪ್ರಭುಭೋಜನ ತೆಗೆದುಕೊಳ್ಳಲು ಒಪ್ಪದ ಒಬ್ಬ ಹಿರಿಯರಿದ್ದಾರೆ. ಒಳ್ಳೆಯ ಮನುಷ್ಯರು, ಸಭೆಯ ಗಂಟೆಯ ಹಗ್ಗ ಹರಿದಾಗ ತಾವೇ ಹೊಸದನ್ನು ತಂದು ಕಟ್ಟಿದರು. ಪ್ರಭುಭೋಜನವಿರುವ ರವಿವಾರ ಹಿಂದಿನ ಬೆಂಚಿನಲ್ಲಿ ಕೂತು, ಪ್ರಸಂಗ ಕೇಳಿ, ಜನ ಮೇಜಿನ ಕಡೆಗೆ ಬರತೊಡಗಿದಾಗ ಎದ್ದು ಹೊರಗೆ ಹೋಗುತ್ತಾರೆ. ಅವರು ಹೊರಗೆ ಹೋಗುವ ಸದ್ದು ಪ್ರತಿಸಲ ನನಗೆ ಕೇಳುತ್ತದೆ. ಹಳೆಯ ದನಿ ಈಗಲೂ ಮಾತಾಡುವುದು ಹೆಚ್ಚಾಗಿ ಆ ಕ್ಷಣದಲ್ಲಿಯೇ.

ನಮ್ಮ ಸಭೆಯ ಪ್ರಭುಭೋಜನದ ಕ್ರಮದಲ್ಲಿ, ಕಾಣಿಕೆಗೆ ಮುಂಚೆ, ಸಮಾಧಾನವನ್ನು ಹಂಚಿಕೊಳ್ಳುವುದು ಇದೆ. ಮೇಜಿನ ಬಳಿಯಿಂದ ಅದು ಹೊರಡುತ್ತದೆ: ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ, ಇಬ್ಬರೂ ಎಡಗೈಯಿಂದ ಒಬ್ಬರ ಕೈಯನ್ನೊಬ್ಬರು ಮುಚ್ಚುತ್ತಾರೆ, ಪಡೆದವರು ಪಕ್ಕದವರಿಗೆ ಕೊಡುತ್ತಾರೆ. ಹೋದ ತಿಂಗಳು ಮೊದಲ ರವಿವಾರ, ನನ್ನ ಕೈಯಿಂದ ಹೊರಟ ಸಮಾಧಾನ ಹೇಗೆ ಸಾಗುತ್ತದೆಂದು ನಾನು ಮೇಜಿನ ಬಳಿ ನಿಂತು ನೋಡುತ್ತಿದ್ದೆ. ಸಭೆಯ ಕಾರ್ಯದರ್ಶಿ, ಅವರಿಂದ ಮುಂದಿನ ಬೆಂಚಿನ ಹೆಂಗಸರು, ಅಲ್ಲಿಂದ ಸಾಲುಸಾಲಾಗಿ ಹಿಂದಕ್ಕೆ ಹೋಗಿ, ಕೊನೆಗೆ ಏಳೆಂಟು ವರ್ಷದ ಒಬ್ಬ ಹುಡುಗನ ಕೈಗೆ ಬಂತು. ಹುಡುಗ ಪಕ್ಕಕ್ಕೆ ತಿರುಗಿ ಎರಡೂ ಕೈ ಚಾಚಿದ. ಹಿರಿಯರು ಬಗ್ಗಿ, ಆ ಚಿಕ್ಕ ಕೈಗಳನ್ನು ತಮ್ಮ ಕೈಗಳೊಳಗೆ ತೆಗೆದುಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿದರು. ಅವರು ಇದನ್ನು ಪ್ರತಿ ತಿಂಗಳೂ ಪಡೆಯುತ್ತಿದ್ದಿರಬೇಕು. ಎರಡು ವರ್ಷಗಳಲ್ಲಿ ನಾನು ಆ ಕಡೆ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಎಂದಿನಂತೆ ಎದ್ದು ಹೊರಗೆ ಹೋದರು, ನಾನು ಮೇಜಿನ ಕಡೆಗೆ ತಿರುಗಿ ರೊಟ್ಟಿಯನ್ನು ಎತ್ತಿಕೊಂಡೆ.